ಬಿಟ್ಟುಹೋದ ಮೆಟ್ಟಿಲು

ನಾನು ಒಂದು ಹಿತ್ತಾಳೆಯ ಜೋಡಿ ಬಟ್ಟಲು. ಒಂದು ಮಗ್ಗುಲಲ್ಲಿ ಅರಿಶಿನ, ಇನ್ನೊಂದರಲ್ಲಿ ಕುಂಕುಮ, ನಡುವೆ ಹಿಡಿದುಕೊಳ್ಳಲು ಒಂದು ಪುಟ್ಟ ಗಿಳಿ. ನಾಗಮಂಗಲದ ವೀರಾಚಾರಿ ನನ್ನನ್ನು ಎರಕ ಹೊಯ್ದ ದಿನ ಅವನ ಮನೆಯಲ್ಲಿ ಏನೋ ಜಗಳ. ಆ ಸಿಟ್ಟಿನಲ್ಲಿ ಅರ ಹಾಕುವಾಗ ನನ್ನ ತಳವನ್ನು ಒಂದು ಕಡೆ ಹೆಚ್ಚಾಗಿ ಉಜ್ಜಿಬಿಟ್ಟ. ಅಂದಿನಿಂದ ನನಗೆ ನೆಟ್ಟಗೆ ಕೂರುವುದೇ ಗೊತ್ತಿಲ್ಲ. ಎಲ್ಲಿಟ್ಟರೂ ಕಟಕಟ ಎಂದು ಅಲ್ಲಾಡುತ್ತೇನೆ. ದೀಪ, ಗಂಟೆ, ಪಂಚಪಾತ್ರೆ ಎಲ್ಲ ದೊಡ್ಡ ಮನುಷ್ಯರ ಹಾಗೆ ಕೂತಿರುವಾಗ ನಾನೊಂದೇ ಚಡಪಡಿಸುತ್ತಿದ್ದೆ.

ಮೈಸೂರಿನ ನಜರಬಾದಿನ ಒಂದು ಮನೆ ಸೇರಿದೆ. ಆ ಮನೆಯ ಹೆಂಗಸರಿಗೆ ಕಷ್ಟ ಬಂದಾಗಲೆಲ್ಲ ಒಂದೇ ಹರಕೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಹತ್ತುವುದು. ಮೊದಲು ನನ್ನನ್ನು ಹಿಡಿದು ಹತ್ತಿದವರು ಮನೆಯ ಹಿರಿಯಜ್ಜಿ. ಕಟ್ಟಳೆ ಮಾಡಿದ್ದೂ ಅವರೇ. ಹತ್ತುವಾಗ ತಲೆ ಎತ್ತಬಾರದು, ಮೇಲಿಟ್ಟ ಹೆಜ್ಜೆ ಕೆಳಗಿಳಿಸಬಾರದು. ಒಂದೇ ಒಂದು ಮೆಟ್ಟಿಲು ತಪ್ಪಿದರೂ ಬೆಟ್ಟದ ಪಾದದಿಂದ ಮತ್ತೆ ಶುರು. ಅಜ್ಜಿ ಹೋದ ಮೇಲೆ ನಾನು ಸೊಸೆ ದೇವಾಜಮ್ಮನ ಕೈಗೆ ಬಂದೆ, ಕಟ್ಟಳೆಯೂ ನನ್ನ ಜೊತೆಗೇ ಬಂತು.

ನಲವತ್ತು ವರ್ಷ ದೇವಾಜಮ್ಮ ಬೆಟ್ಟ ಹತ್ತಿದರು. ಗಂಡನ ಜ್ವರಕ್ಕೆ, ಮಗನ ಪರೀಕ್ಷೆಗೆ, ನಾದಿನಿಯ ಹೆರಿಗೆಗೆ. ಬಗ್ಗಿದ ತಲೆ ಬಗ್ಗಿದಂತೆಯೇ. ಅವರು ಕಂಡದ್ದು ಕಲ್ಲು, ಇರುವೆಸಾಲು, ಮುಂದೆ ಹೋಗುವವರ ಹಿಮ್ಮಡಿ, ಇಷ್ಟೇ. ಮೇಲೆ ಮುಟ್ಟಿದ ಕೂಡಲೇ ತಾಯಿಯ ದರ್ಶನ, ಆಮೇಲೆ ಮನೆಯಲ್ಲಿ ಅಡುಗೆ ಆಗಬೇಕು ಎಂದು ಓಡಿ ಬಸ್ಸು ಹತ್ತುವುದು.

ನನ್ನ ಬಾಯಿಯೋ ಸದಾ ಮೇಲಕ್ಕೆ. ನಾನು ನೋಡದ್ದಿಲ್ಲ. ಬೇವಿನ ಚಿಗುರು, ಕೊಂಬೆಯಿಂದ ಕೊಂಬೆಗೆ ಮರಿ ಹೊತ್ತು ಹಾರುವ ಕೋತಿ, ರೆಕ್ಕೆ ಅಲ್ಲಾಡಿಸದೆ ತೇಲುವ ಗರುಡ, ಬೆಟ್ಟದ ನೆತ್ತಿಗೆ ಮೈ ಉಜ್ಜಿಕೊಂಡು ಹೋಗುವ ಮೋಡ. ಪ್ರತಿ ಮೆಟ್ಟಿಲಿನ ಮೇಲೂ ಇಟ್ಟಾಗ ಕಟಕಟ ಎಂದು ಕೂಗುತ್ತಿದ್ದೆ. ತಾಯೀ, ಒಂದು ಸಲ ತಲೆ ಎತ್ತಿ ನೋಡು ಎಂದೇ ನನ್ನ ಗೋಳು. ದೇವಾಜಮ್ಮ ಮಾತ್ರ "ಥೂ, ಇದ್ರ ತಳಾನೇ ನೆಟ್ಟಗಿಲ್ಲ" ಎಂದು ನನ್ನನ್ನು ಅದುಮಿ ಕೂರಿಸುತ್ತಿದ್ದರು. ನನಗೆ ಮೈ ಪರಚಿಕೊಳ್ಳುವಷ್ಟು ಸಂಕಟವಾಗುತ್ತಿತ್ತು.

ಹೀಗಿರುವಾಗ ದೇವಾಜಮ್ಮನ ಕಣ್ಣಿಗೇ ಕುತ್ತು ಬಂತು. ಕಣ್ಣಿನ ನರ ಒಣಗುತ್ತಿದೆ, ಬದಿಯ ನೋಟ ಆಗಲೇ ಹೋಗಿದೆ, ಆಪರೇಷನ್ ಮಾಡಿ ನೋಡೋಣ, ಆದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರು. ಎದುರಿಗಿದ್ದದ್ದು ಮಾತ್ರ, ಕೊಳವೆಯಲ್ಲಿ ನೋಡಿದಂತೆ ಕಾಣುತ್ತಿತ್ತು. ಸೋಮವಾರ ಆಪರೇಷನ್. ಅದಕ್ಕೆ ಮೊದಲಿನ ಶುಕ್ರವಾರ ಸೊಸೆ ಸುಗುಣ ಅತ್ತೆಯ ಕಣ್ಣಿಗಾಗಿ ಹರಕೆ ಹೊತ್ತು ನನ್ನನ್ನು ಕೈಗೆತ್ತಿಕೊಂಡಳು. ಅತ್ತೆಯನ್ನು ಬೆಟ್ಟದ ಬಸ್ಸಿಗೆ ಹತ್ತಿಸಿ, ಮೆಟ್ಟಿಲ ಕೊನೆಯಲ್ಲೇ ಕೂತಿರಿ ಎಂದು ಹೇಳಿ, ತಾನು ಪಾದದಿಂದ ಹೊರಟಳು.

ಕಾರ್ತಿಕ ಮಾಸ. ಹಿಂದಿನ ದಿನದ ಮಳೆ ಮೆಟ್ಟಿಲುಗಳನ್ನು ತೊಳೆದಿಟ್ಟಿತ್ತು. ಸುಗುಣ ಬಗ್ಗಿಯೇ ಹತ್ತಿದಳು. ದೊಡ್ಡ ನಂದಿ ದಾಟಿತು. ಇನ್ನು ನೂರೋ ನೂರೈವತ್ತೋ ಮೆಟ್ಟಿಲು ಎನ್ನುವಾಗ ಪೊದೆಯೊಳಗಿಂದ ನವಿಲೊಂದು ಕೇಕೆ ಹಾಕಿ ಅವಳ ಹಿಂದಿನಿಂದಲೇ ಹಾರಿತು. ಬೆಚ್ಚಿಬಿದ್ದು ತಲೆ ಎತ್ತಿ ತಿರುಗಿದಳು. ತಿರುಗಿದವಳು ಹಾಗೇ ನಿಂತುಬಿಟ್ಟಳು. ಕಣ್ಣು ಅಲ್ಲೇ ನೆಟ್ಟಿರುವಾಗ ಕಾಲು ತನ್ನ ಪಾಡಿಗೆ ತಾನು ಹಿಂದಕ್ಕೆ ಒಂದು ಮೆಟ್ಟಿಲು ಏರಿತು, ಇನ್ನೊಂದೂ ಏರಿತು. ಆಮೇಲೆ ಎಚ್ಚರಾಗಿ ಬಗ್ಗಿ ಕುಂಕುಮ ಹಚ್ಚಿದಳು.

ನಡುವಿನ ಒಂದು ಮೆಟ್ಟಿಲು ಬೋಳಾಗಿಯೇ ಉಳಿಯಿತು! ನಾನು ಕಂಡಿದ್ದೆ. ಎಷ್ಟು ಬಡಿದುಕೊಂಡರೇನು, ನನ್ನ ಮಾತು ಯಾರಿಗೆ ತಿಳಿಯಬೇಕು? ಹತ್ತು ಮೆಟ್ಟಿಲು ದಾಟಿದ ಮೇಲೆ ಅವಳಿಗೂ ಅನುಮಾನ ಹತ್ತಿತು. ಬಿಟ್ಟೆನೇ, ಇಲ್ಲವೇ? ಇಳಿದು ನೋಡುವಂತಿಲ್ಲ. ಅಲ್ಲಿಂದ ಮುಂದೆ ಒಂದೊಂದು ಮೆಟ್ಟಿಲನ್ನೂ ಎರಡೆರಡು ಸಲ ನೋಡಿಕೊಂಡೇ ಹತ್ತಿದಳು.

ಮೇಲೆ ದೇವಾಜಮ್ಮ ಕಂಬಿ ಹಿಡಿದು ಕೂತಿದ್ದರು. "ಒಂದೂ ಬುಡ್ನಿಲ್ಲ ತಾನೆ?" ಎಂದರು.

ಸುಳ್ಳು ಹೇಳಿದರೆ ಅತ್ತೆ ನೆಮ್ಮದಿಯಿಂದ ಆಸ್ಪತ್ರೆಗೆ ಹೋಗುತ್ತಾರೆ. ಸುಗುಣಳ ಬಾಯಿ ಅದಕ್ಕೆಂದೇ ತೆರೆಯಿತು, ಬಂದದ್ದು ಮಾತ್ರ ಬೇರೆ. "ಒಂದ್ ಬುಟ್ಬುಟ್ಟೆ ಅನ್ಸುತ್ತೆ ಅತ್ತೆ. ತಲೆ ಎತ್ತಿ ನೋಡ್ಬುಟ್ಟೆ. ನೀವು ಇಲ್ಲೇ ಕೂತಿರಿ, ಪಾದದಿಂದ ಇನ್ನೊಂದ್ಸಲ ಬತ್ತೀನಿ."

ದೇವಾಜಮ್ಮ ಬೈಯುತ್ತಾರೆಂದು ನಾನು ಕಾದೆ. ಅವರು ಕೇಳಿದ್ದು ಇಷ್ಟೇ, "ಏನ್ ನೋಡ್ದೆ?"

"ಮೋಡ ಅತ್ತೆ. ನಮ್ಗಿಂತ ಕೆಳಗಿತ್ತು. ಊರೆಲ್ಲ ಮುಚ್ಕೊಂಡಿತ್ತು. ಅರಮನೆ ಗುಮ್ಮಟ ಒಂದೇ ತೇಲ್ತಾ ಇತ್ತು."

"ಮೋಡ ಕೆಳಗಾ?"

"ಹೂಂ ಕಣತ್ತೆ."

"ಯಾವ್ ಮೆಟ್ಲು, ನಡಿ ತೋರ್ಸು."

"ಇಳೀಬಾರ್ದಲ್ವಾ?"

"ಹರಕೆ ನಿಂದು. ಇಳಿಯೋಳು ನಾನು."

ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ನಾನು. ಮೆಟ್ಟಿಲು ಮೆಟ್ಟಿಲಿಗೂ ಮೂಗು ತಾಗುವಷ್ಟು ಬಗ್ಗಿ ಹಳದಿ ಕೆಂಪು ಹುಡುಕುತ್ತ ಇಳಿದರು. ನಿಷೇಧ ಮರೆತ ಸುಗುಣ ಅವರ ರಟ್ಟೆ ಹಿಡಿದು ಹಿಂದೆಯೇ ಇಳಿದಳು. ಕೊನೆಗೆ ಆ ಬೋಳು ಮೆಟ್ಟಿಲು ಸಿಕ್ಕಿತು. ದೇವಾಜಮ್ಮ ನನ್ನೊಳಗೆ ಬೆರಳದ್ದಿ ಹಚ್ಚಿ ಕೈ ಮುಗಿದರು. ಆಮೇಲೆ ಅದರ ಪಕ್ಕದಲ್ಲೇ ಕೂತು ತಲೆ ಎತ್ತಿದರು.

ಮೋಡ ಅರ್ಧ ಹರಿದಿತ್ತು. ಅವರಿಗೆ ಒಟ್ಟಿಗೆ ಕಾಣುವಂತಿರಲಿಲ್ಲ. ಅಂಗಡಿಯಲ್ಲಿ ಸೀರೆಯ ಮಡಿಕೆ ಬಿಚ್ಚಿ ಬಿಚ್ಚಿ ನೋಡುವಂತೆ ಮುಖವನ್ನು ಒಂದಿಷ್ಟೇ ತಿರುಗಿಸುತ್ತ ನೋಡಿದರು. ಒದ್ದೆ ಬಂಡೆಯ ಮೇಲೆ ಬಿಸಿಲು. ತಂಗಡಿಯ ಹಳದಿ ಹೂ. ಅದರ ಮೇಲೆ ಚಿಟ್ಟೆಗಳ ಗುಂಪು. ಇಳಿಜಾರಿನ ಹಸಿರು, ಅದರಾಚೆ ಕಾರಂಜಿ ಕೆರೆಯ ಹೊಳಪು, ಹಾಲು ಚೆಲ್ಲಿದಂತಹ ಮಂಜು, ಅರಮನೆಯ ಗುಮ್ಮಟ.

"ಇದೆಲ್ಲ ಇತ್ತಾ?" ಎಂದರು. "ನಾನ್ ಬತ್ತಿದ್ದಾಗ್ಲೆಲ್ಲ ಇತ್ತಾ?"

"ಇತ್ತು ಅತ್ತೆ."

"ನಮ್ಮತ್ತೇನೂ ನೋಡ್ನಿಲ್ಲ, ಪಾಪ."

ಬಿಸಿಲು ನೆತ್ತಿಗೇರುವವರೆಗೂ ಅವರು ಏಳಲಿಲ್ಲ. ಅಡುಗೆಯ ನೆನಪೂ ಆಗಲಿಲ್ಲ. ನನಗೆ ಅಂದು ಆದ ಸಂತೋಷ ಹೇಳತೀರದು.

ಆಪರೇಷನ್ ಆಯಿತು. ಕಣ್ಣು ಉಳಿಯಲಿಲ್ಲ. ಯುಗಾದಿಯ ಹೊತ್ತಿಗೆ ಕೊಳವೆಯೂ ಮುಚ್ಚಿಹೋಯಿತು.

ನನಗೂ ಈಗ ವಯಸ್ಸಾಯಿತು. ಗಿಳಿಯ ಕೊಕ್ಕು ಸವೆದಿದೆ, ಕುಂಕುಮದ ಬಟ್ಟಲು ಸೀಳು ಬಿಟ್ಟಿದೆ. ದೇವರ ಮನೆಯಿಂದ ಜಗುಲಿಯ ಗೂಡಿಗೆ ಬಂದಿದ್ದೇನೆ. ಕೆಳಗೆ ದೇವಾಜಮ್ಮ ಕೂತು ಬಂದವರಿಗೆಲ್ಲ ಬೆಟ್ಟವನ್ನು ವರ್ಣಿಸುತ್ತಾರೆ. ನಲವತ್ತು ವರ್ಷ ನೋಡಿದ್ದು ನಾನು. ಆದರೂ ಒಂದೇ ಒಂದು ಬೆಳಿಗ್ಗೆಯಲ್ಲಿ ಅವರು ಕಂಡಷ್ಟು ನಾನು ಕಂಡಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ನೆಮ್ಮದಿಯಿಲ್ಲದವಳು ಸುಗುಣ. ತಿಂಗಳುಗಟ್ಟಲೆ ಒಳಗೇ ಕೊರಗಿದಳು. ಮೊನ್ನೆ ಮಧ್ಯಾಹ್ನ ಹುಣಸೆಹಣ್ಣು ಹಾಕಿ ನನ್ನನ್ನು ಉಜ್ಜುತ್ತಿದ್ದವಳು ತಡೆಯಲಾರದೆ ಅತ್ತುಬಿಟ್ಟಳು. "ಆ ಮೆಟ್ಲು ನಾನ್ ಬುಡದೆ ಇದ್ದಿದ್ರೆ ನಿಮ್ ಕಣ್ಣು ಉಳೀತಿತ್ತೇನೋ ಅತ್ತೆ."

ದೇವಾಜಮ್ಮ ತಡಕಾಡಿ ಅವಳ ಹುಣಸೆ ಮೆತ್ತಿದ ಕೈ ಹಿಡಿದುಕೊಂಡರು.

"ಹುಚ್ಚಿ. ಹೋಗೋ ಕಣ್ಣು ಹೋಗೋದೇ. ನೀನ್ ಆ ಮೆಟ್ಲು ಬುಡದೆ ಇದ್ದಿದ್ರೆ ನಾನ್ ಏನೂ ನೋಡ್ದೇನೇ ಕುರುಡಿ ಆಗ್ತಿದ್ದೆ."