ರೋಸಾಳ ಅಮ್ಮನ ಓಟು, ಪ್ರತಿಭಾಳ ಓಟು

ಪ್ರತಿಭಾ ಮೂರನೆಯ ಒಬ್ಬೆ ಚಕ್ಕುಲಿ ಒತ್ತುತ್ತಿದ್ದಳು. ವಾರದ ಕೊನೆಗೆ ದೀಪಾವಳಿ, ನಾಳೆ ಮಂಗಳವಾರವೇ ಚುನಾವಣೆ. ಅಂಚೆಯಲ್ಲಿ ಬಂದ ಎರಡು ಮತಪತ್ರಗಳು ಅಮೆರಿಕದ ಕೆಂಟ್ ಊರಿನ ಆ ಮನೆಯ ಊಟದ ಮೇಜಿನ ಮೇಲೆ ಎರಡು ವಾರದಿಂದ ಹಾಗೇ ಇದ್ದವು.

ಗಂಡ ಗುರುಪ್ರಸಾದ್ ಪೆನ್ನು ಹಿಡಿದು ಕೂತ. ಟ್ಯಾಕ್ಸು, ಇನ್ಶೂರೆನ್ಸು, ಮನೆಯ ಯಾವ ಕಾಗದವಾದರೂ ತುಂಬುವುದು ಅವನೇ.

"ನಿಂದೂ ನಾನೇ ತುಂಬಿಡ್ತೀನಿ. ಆಮೇಲೆ ಬಂದು ಸೈನ್ ಒಂದು ಹಾಕು."

ಪ್ರತಿಭಾ ಹೂಂಗುಟ್ಟಿದಳು. ಪೌರತ್ವ ಸಿಕ್ಕ ಮೇಲೆ ಇದು ಅವಳ ಮೊದಲ ಓಟು. ತನ್ನದೊಂದರಿಂದ ಏನಾದೀತು ಎಂದುಕೊಂಡಿದ್ದಳು. ಆದರೂ ಮನಸ್ಸು ಚುರುಗುಟ್ಟಿತು. ಅವಳು ಕಾರ್ಖಾನೆಗೆ ಹೋಗುವ ಬಸ್ಸನ್ನು ಒಬ್ಬ ಅಭ್ಯರ್ಥಿ ನಿಲ್ಲಿಸುತ್ತೇನೆ ಎನ್ನುತ್ತಿದ್ದ, ಇನ್ನೊಬ್ಬಳು ಉಳಿಸುತ್ತೇನೆ ಎನ್ನುತ್ತಿದ್ದಳು. ಗಂಡನಿಗೆ ಕಾರಿದೆ. ಅವನ ಒಲವು ಮೊದಲನೆಯವನ ಕಡೆ.

ಚಕ್ಕುಲಿ ಕಲಿಯಲು ಬಂದಿದ್ದ ಪಕ್ಕದ ಮನೆಯ ರೋಸಾ ಪೆಸಿಫಿಕ್ ಸಾಗರದ ಗುವಾಮ್ ದ್ವೀಪದವಳು. ಏನು ಮಾತು ಎಂದು ಕೇಳಿದಳು. ಪ್ರತಿಭಾ ಇಂಗ್ಲಿಷಿನಲ್ಲಿ ಹೇಳುತ್ತಿರುವಾಗಲೇ ರೋಸಾಳ ಅಮ್ಮನ ವಿಡಿಯೊ ಕಾಲ್ ಬಂತು. ಅಲ್ಲಿ ಆಗಲೇ ಮಂಗಳವಾರ ಬೆಳಗ್ಗೆ. ದ್ವೀಪದ ಶಾಸನಸಭೆಗೆ ಮತದಾನ ನಡೆದಿತ್ತು. ಎಪ್ಪತ್ತೆಂಟರ ಮುದುಕಿ ಹೂವಿನ ಅಂಗಿ ತೊಟ್ಟು, ಮತಗಟ್ಟೆಯ ಹೊರಗಿನ ಶಾಮಿಯಾನದ ಕೆಳಗೆ ಅಲ್ಲಿನ ಹಬ್ಬದೂಟದ ಕೆಂಪು ಅನ್ನದ ತಟ್ಟೆ ಹಿಡಿದು ನಗುತ್ತಿದ್ದಳು. ಹದಿನೈದು ಸ್ಥಾನಕ್ಕೂ ತಾನೇ ಗುರುತು ಹಾಕಿದೆ, ಮಗನಿಗೂ ತೋರಿಸಲಿಲ್ಲ ಎಂದು ಬೀಗಿದಳು.

ಫೋನಿಟ್ಟು ರೋಸಾ ತಿಳಿಸಿ ಹೇಳಿದಳು. ನೂರು ವರ್ಷಕ್ಕೂ ಹಿಂದೆ ಯುದ್ಧದಲ್ಲಿ ಗೆದ್ದ ಅಮೆರಿಕ ಇಂದಿಗೂ ದ್ವೀಪವನ್ನು ಆಳುತ್ತಿದೆ. ಸಭೆ ಅವರದೇ, ಕೊನೆಯ ಮಾತು ಅಮೆರಿಕದ ಸಂಸತ್ತಿನದು. ಅಲ್ಲಿ ಕಾನೂನು ಪಾಸು ಮಾಡುವಾಗ ಅವರ ಪ್ರತಿನಿಧಿಗೆ ಮತವಿಲ್ಲ. ಅಧ್ಯಕ್ಷರನ್ನು ಆರಿಸುವ ಹಕ್ಕೂ ದ್ವೀಪದವರಿಗಿಲ್ಲ.

"ಅಷ್ಟು ಸಣ್ಣ ಓಟಿಗೇ ಅಮ್ಮ ಕ್ಯೂ ನಿಂತಿದ್ಲು. ನಿಂಗೆ ಪೂರ್ತಿ ಓಟಿದೆ. ಚಕ್ಕುಲಿ ಜೊತೆ ಅದನ್ನೂ ಗಂಡನಿಗೆ ಬಡಿಸ್ತೀಯಾ?"

ಒಬ್ಬರ ಓಟನ್ನು ಇನ್ನೊಬ್ಬರು ಹಾಕಿಬಿಡುವುದು ತಪ್ಪು ಎಂದೂ ಸೇರಿಸಿದಳು. ಗುರುಪ್ರಸಾದನ ಕಿವಿ ಕೆಂಪಾಯಿತು. ಮತಪತ್ರವನ್ನು ಹೆಂಡತಿಯ ಕಡೆ ಸರಿಸಿದ.

"ನಿಂದು ನೀನೇ ತುಂಬ್ಕೋ ತಾಯಿ. ಚಕ್ಕುಲಿ ನಾನು ಕರೀತೀನಿ."

"ಸೀಯಿಸ್ಬೇಡಿ ಅಷ್ಟೆ."

ಅವನು ಸೌಟು ಹಿಡಿದು ಒಲೆಯತ್ತ ನಡೆದ, ಮೂವರೂ ನಕ್ಕರು. ಪ್ರತಿಭಾ ಕೈ ತೊಳೆದು ಬಂದು ಮೊದಲ ಸಾಲಿನಿಂದ ಓದಿದಳು. ಯಾರಿಗೆ ಎಂದು ಒಲೆಯ ಮುಂದಿನಿಂದ ಗಂಡ ಕೇಳಿದ. ಅವಳು ಆಗಲೇ ನಿರ್ಧರಿಸಿಯಾಗಿತ್ತು. ಎಣ್ಣೆ ಕಾದಿದೆ ನೋಡಿ ಎಂದಳು, ಅಷ್ಟೇ.

ಇದನ್ನು ಓದುತ್ತಿರುವ ಅಕ್ಕ, ಅಂಚೆಯಲ್ಲಿ ನಿಮ್ಮ ಹೆಸರಿಗೆ ಬಂದ ಮತಪತ್ರ ನಿಮ್ಮದು. ನೀವೇ ಓದಿ ತುಂಬಿ, ಲಕೋಟೆಯ ಮೇಲೆ ನೀವೇ ಸಹಿ ಹಾಕಿ. ಚುನಾವಣೆಯ ದಿನ ರಾತ್ರಿ ಎಂಟರೊಳಗೆ ಮತಪೆಟ್ಟಿಗೆಗೆ ಹಾಕಿ ಬನ್ನಿ. ಯಾರಿಗೆ ಹಾಕಿದಿರಿ ಎಂದು ಯಾರಿಗೂ ಹೇಳಬೇಕಿಲ್ಲ.