ಟಿಚ್ ಬಟನ್ನಿನ ಅಂಗಿ

ಇದು ಶುರುವಾದದ್ದು ಪುಷ್ಯದ ಚಳಿಯಲ್ಲಿ, ಒಂದು ಭಾನುವಾರ, ಹೊತ್ತು ನೆತ್ತಿಗೆ ಬರುವ ಮುಂಚೆ. ಓಬಮ್ಮ ಸೊಸೆ ಶಿವಲೀಲಾಳನ್ನು ಕರೆದುಕೊಂಡು ರಾಯದುರ್ಗದಿಂದ ಎರಡು ಬಸ್ಸು ಬದಲಿಸಿ, ಮಡಕಶಿರಾದ ಹೊರಗಿನ ಆರೈಕೆ ಮನೆಗೆ ಬಂದಿದ್ದಳು. ತಲೆಗೆ ಪೆಟ್ಟು ಬಿದ್ದ ದೊಡ್ಡವರನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ಉಣ್ಣುವುದು, ಉಡುವುದು, ನಡೆಯುವುದನ್ನು ಮತ್ತೆ ಕಲಿಸುವ ಜಾಗ ಅದು. ಓಬಮ್ಮನ ಮಗ ಈಶ್ವರ ಜೀನ್ಸ್ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ತರನಾಗಿದ್ದವನು. ಬೈಕಿನಿಂದ ಬಿದ್ದು, ಮೂರು ತಿಂಗಳು ಆಸ್ಪತ್ರೆಯಲ್ಲಿದ್ದು ಇಲ್ಲಿಗೆ ಸೇರಿದ್ದ.

ಅವತ್ತು ಅವನು ಜಗುಲಿಯ ಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕೂತಿದ್ದ. ಅರ್ಧ ತಾಸಾದರೂ ಎರಡೇ ಗುಂಡಿ, ಅವೂ ಸೊಟ್ಟ. ಎದೆ ಬಯಲು, ಗಲ್ಲದ ಮೇಲೆ ಜೊಲ್ಲು. ಶಿವಲೀಲಾ ಒಂದು ಗಳಿಗೆ ನೋಡಿ ಮುಖ ಆ ಕಡೆ ತಿರುವಿದಳು. ಓಬಮ್ಮ ಅದನ್ನು ಕಂಡಳು. ಇವಳು ಇವನನ್ನು ಬಿಟ್ಟು ತವರಿಗೆ ನಡೆದರೆ?

'ಗುಂಡಿ ತಾನೇ ಹಾಕ್ಕೊಂಡ್ರೆ ಯುಗಾದಿಗೆ ಮನೆಗೆ ಕಳಿಸ್ತೀವಿ ಕಣಮ್ಮ,' ಎಂದ ಕಲಿಸುವ ಜಯಣ್ಣ. 'ಬೆರಳಿಗೆ ಅದೇ ಔಷಧಿ. ಎಷ್ಟ್ ತಡ ಆದ್ರೂ ನೀವ್ ಮಾತ್ರ ಕೈ ಹಾಕ್ಬ್ಯಾಡಿ.'

ಓಬಮ್ಮ ಕೈ ಹಾಕಲಿಲ್ಲ. ಒಗೆದು ತರುತ್ತೇನೆಂದು ಅವನ ನಾಲ್ಕು ಅಂಗಿಗಳನ್ನು ಮನೆಗೆ ಒಯ್ದಳು. ಹತ್ತು ವರ್ಷ ಗುಂಡಿ ತೂರಿಸುವ ಕಾಜ ಹೊಲಿದು, ಗುಂಡಿ ಹಚ್ಚಿದ ಕೈ ಅವಳದು. ನಾಲ್ಕೂ ಅಂಗಿಗಳ ಕಾಜಗಳನ್ನು ಹೊಲಿದು ಮುಚ್ಚಿದಳು, ಅವುಗಳ ಮೇಲೆಯೇ ಗುಂಡಿ ಕೂರಿಸಿದಳು, ಒಳಗೆ ಟಿಚ್ ಬಟನ್ ಇಟ್ಟಳು. ಹೊರಗಿನಿಂದ ನೋಡಿದರೆ ಹಾಕಿದ ಗುಂಡಿಯೇ. ಅಂಗೈಯಿಂದ ಒತ್ತಿದರೆ ಸಾಕು, ಟಕ್ಕೆಂದು ಕೂರುತ್ತದೆ.

ಮುಂದಿನ ವಾರದಿಂದ ಈಶ್ವರ ಸ್ನಾನದ ಕೋಣೆಯಿಂದಲೇ ನೆಟ್ಟಗೆ ಅಂಗಿ ತೊಟ್ಟು ಬರತೊಡಗಿದ. ಜಯಣ್ಣ ಖುಷಿಯಾಗಿ ಗುಂಡಿಯ ಪಾಠ ನಿಲ್ಲಿಸಿ, ಮೆಟ್ಟಿಲು ಹತ್ತುವುದಕ್ಕೆ ಹಚ್ಚಿದ. ಶಿವಲೀಲಾ ಬಂದಾಗಲೂ ಗಂಡ ಒಪ್ಪವಾಗಿಯೇ ಕಂಡ.

ಯುಗಾದಿ ಹತ್ತಿರ ಬಂತು. ಕರೆದೊಯ್ಯುವ ದಿನ ಶಿವಲೀಲಾ ಹೊಸ ಅಂಗಿ ತಂದಳು.

'ಹಾಕ್ಕೊಳ್ರಿ, ಮದುಮಗನಂಗ ಹೋಗೋಣು.'

ಈಶ್ವರ ತೋಳು ತೂರಿಸಿ, ಅಂಗೈಯಿಂದ ಎದೆಗೆ ಒತ್ತಿದ. ಮತ್ತೆ ಒತ್ತಿದ. ಆಮೇಲೆ ಗುದ್ದಿಕೊಂಡ.

'ಟಕ್ ಅನ್ನವಲ್ದು,' ಎಂದ. 'ಅವ್ವ ಹಚ್ಚಿದ್ದು ಆದ್ರ ಟಕ್ ಅಂತೈತಿ. ಯಾರ್ಗೂ ಹೇಳಬ್ಯಾಡ ಅಂದಾಳ.'

ಜಯಣ್ಣ ಹಳೆಯ ಅಂಗಿ ತೆಗೆದು ತಿರುವಿ ನೋಡಿದ. ಈಶ್ವರನ ಬಲಗೈ ಹಿಡಿದು ಬೆರಳು ಬಿಡಿಸಲು ಹೋದ, ಅವು ಬಿಗಿದಿದ್ದವು.

'ಎರಡ್ ತಿಂಗ್ಳು ಈ ಕೈಗೆ ಕೆಲ್ಸಾನೇ ಇಲ್ದಂಗಾಯ್ತಲ್ಲಮ್ಮ. ಈಗ ಕಳ್ಸಕ್ಕಾಗಲ್ಲ. ಮತ್ತೆ ಮೊದ್ಲಿಂದ.'

'ಯಾಕತ್ತಿ ಹಿಂಗ ಮಾಡಿದ್ರಿ?' ಶಿವಲೀಲಾ ಕೇಳಿದಳು.

'ಅವತ್ತು ನೀ ಮುಖ ತಿರುವಿದಿ. ಬಿಟ್ಟು ಹೋಗ್ತಿ ಅಂತ…'

'ನಾನೇನು ಅಂಗಿ ನೋಡಿ ಬಾಳೇವು ಮಾಡಾಕೇನ್ರಿ? ಅಳು ಬಂದಿತ್ತು, ತಿರುವಿದೆ. ಒಂದ್ ಮಾತು ಕೇಳಿದ್ರ ಹೇಳ್ತಿದ್ದಿಲ್ಲೇನು?'

ಓಬಮ್ಮ ಸೊಸೆಗೆ ಹೇಳಿದ್ದು ಅರ್ಧ ನಿಜ. ಜಗುಲಿಯಲ್ಲಿ ಬೇರೆಯವರ ನೆಂಟರು ನೋಡುವಾಗ ಇವನು ನನ್ನ ಮಗ ಎನ್ನಲು ಅವಳಿಗೇ ಬಾಯಿ ಬರುತ್ತಿರಲಿಲ್ಲ. ಮಗ ಮಾತ್ರ ಬಂದವರಿಗೆಲ್ಲ, 'ನಮ್ಮವ್ವ, ನಮ್ಮವ್ವ' ಎಂದು ತೋರಿಸುತ್ತಿದ್ದ.

'ಮನೆಯವರೊಬ್ರು ಹದಿನೈದು ದಿನ ಇಲ್ಲೇ ಇದ್ದು, ಕೈ ಹಾಕ್ದೆ ಕಲ್ಸೋದ್ನ ಕಲೀಬೇಕು. ಯಾರಿರ್ತೀರಿ?' ಜಯಣ್ಣ ಕೇಳಿದ.

ನಾನೇ ಎನ್ನಲು ಬಾಯಿ ತೆರೆದ ಓಬಮ್ಮ ಮಗನ ಬಿಗಿದ ಬೆರಳುಗಳನ್ನು ನೋಡಿದಳು.

'ಶಿವಲೀಲಾ ಇರ್ಲಿ. ನನ್ನ ಕೈ ಸುಮ್ಕಿರಂಗಿಲ್ಲ.'

ಗಂಡ ಹೆಂಡತಿ ಅಲ್ಲಿ ಉಳಿದರು. ಓಬಮ್ಮ ಒಬ್ಬಳೇ ಬಸ್ಸು ಹತ್ತಿ ಹೋದಳು. ಅದು ಯುಗಾದಿಗೆ ಮೂರು ದಿನ ಮುಂಚಿನ ಗುರುವಾರ.