ತೂತಿಲ್ಲದ ಗುಂಡಿ

ಮತ್ತೆ ಆ ಮಷಿನ್ ಎಣ್ಣೆಯ ವಾಸನೆ, ದಿನಾ ಮೂಗಿಗೇ ತಾಗದ್ದು ಇವತ್ತು ಗಂಟಲಿಗೇ ಬಂದು ಕೂತಿದೆಯಲ್ಲ, ನುಂಗಿಕೊಂಡಳು, ಅಂಗಿಯ ಪಟ್ಟಿ ಸರಿಸಿ ಗುಂಡಿ ಇಟ್ಟಳು, ಪೆಡಲ್ ಒತ್ತಿದಳು, ಟಕಟಕಟಕ, ಮುಂದಿನದು — ಮಗಳು ಹೊಟ್ಟೆಯಲ್ಲಿದ್ದಾಗಲೂ ಹೀಗೇ ಆಗಿತ್ತು, ಅದಕ್ಕೇ ನಿನ್ನೆ ಆರೋಗ್ಯ ಕೇಂದ್ರದಲ್ಲಿ ನರ್ಸಕ್ಕ ಬಾಯಿ ತೆರೆಯುವ ಮೊದಲೇ ಅವಳಿಗೆ ಗೊತ್ತಾಗಿಹೋಗಿತ್ತು, ಗೊತ್ತಾಗಿಯೂ ವಾದಕ್ಕೆ ನಿಂತಳು, ಇಲ್ಲ ಸಿಸ್ಟರ್, ಆಗೋಕೆ ಸಾಧ್ಯಾನೇ ಇಲ್ಲ, ಮಲಗೋ ಮುಂಚೆ ಒಂದು ಮಾತ್ರೆ ಅಂತ ನೀವೇ ಹೇಳಿದ್ರಿ, ಒಂದು ಸಲಾನೂ ಬಿಟ್ಟಿಲ್ಲ. ಮಲಗೋದು ಯಾವಾಗಮ್ಮ? ಅದು ಪಾಳಿ ಹೇಗೋ ಹಾಗೆ ಸಿಸ್ಟರ್, ಒಂದು ವಾರ ರಾತ್ರಿ ಮಲಗ್ತೀನಿ, ಒಂದು ವಾರ ಬೆಳಿಗ್ಗೆ. ನರ್ಸಕ್ಕ ಹಣೆ ಚಚ್ಚಿಕೊಂಡಳು, ಅಯ್ಯೋ ತಾಯೀ, ಗಡಿಯಾರ ನೋಡಿ ತಗೋಬೇಕಿತ್ತು, ನಿದ್ದೆ ನೋಡಿ ಅಲ್ಲ! ಈಗ ಹೇಳುತ್ತಾಳೆ. ಹಗಲು ಪಾಳಿ ಮುಗಿದು ರಾತ್ರಿ ಪಾಳಿ ಹಿಡಿಯುವ ದಿನ ಅವಳು ಮಲಗುತ್ತಲೇ ಇರಲಿಲ್ಲ, ಮಲಗದ ದಿನ ಮಾತ್ರೆಯೂ ಇಲ್ಲ, ಅಷ್ಟೇ ಲೆಕ್ಕ, ಟಕಟಕಟಕ.

ಮಾತ್ರೆಯನ್ನು ಪಟ್ಟಿಯಲ್ಲೇ ಬಿಟ್ಟಿದ್ದರೆ, ಅದರ ಮೇಲೆ ವಾರದ ಹೆಸರು ಬರೆದಿರುತ್ತೆ, ತಪ್ಪಿದ್ದು ಕಣ್ಣಿಗೆ ಹೊಡೆಯುತ್ತಿತ್ತು, ಆದರೆ ಗಂಡನ ಕಣ್ಣಿಗೂ ಹೊಡೆಯುತ್ತಿತ್ತಲ್ಲ — ಮಾತ್ರೆ ಗೀತ್ರೆ ನುಂಗಿ ಮೈ ಕೆಡಿಸ್ಕೋಬೇಡ, ಆದ್ರೆ ಆಗ್ಲಿ ಬಿಡು. ಆಗಲಿ ಬಿಡು! ತಾನೇ ಹೊರುವವನಂತೆ. ನೀನಾದರೂ ಸ್ವಲ್ಪ ಜಾಗ್ರತೆ ಮಾಡು ಅಂದರೆ ಮುಖ ಊದಿಸುತ್ತಾನೆ, ಅವಳು ಕೆಲಸದಲ್ಲಿದ್ದಾಗ ಅವನಿಗೆ ನಿದ್ದೆ, ಅವಳು ಮಲಗಿದಾಗ ಅವನು ಹೊರಗೆ, ಸಿಗುವ ಎರಡು ಮಾತಿನಲ್ಲಿ ಜಗಳ ಯಾಕೆ ಅಂತ ಮಾತ್ರೆಗಳನ್ನು ಬಿಡಿಸಿ ಬಿಡಿಸಿ ಮನೆಯ ಗುಂಡಿ ಡಬ್ಬಿಗೆ ಹಾಕುತ್ತಿದ್ದಳು, ಬಿಳಿಯೊಳಗೆ ಬಿಳಿ, ದೀಪ ಹಾಕದೆ ಹುಡುಕಿದರೂ ಹೆಬ್ಬೆರಳು ತಪ್ಪುತ್ತಿರಲಿಲ್ಲ, ತೂತು ತಾಗಿದರೆ ಗುಂಡಿ, ನುಣ್ಣಗಿದ್ದರೆ ಮಾತ್ರೆ. ಹೊಸ ಪಟ್ಟಿ ತರುವ ಹೊತ್ತಿಗೆ ಹಳೆಯವು ಒಂದಿಷ್ಟು ಉಳಿದೇ ಇರುತ್ತಿದ್ದವು, ಪರವಾಗಿಲ್ಲವೇ, ಧಾರಾಳವಾಗಿ ಕೊಡ್ತಾರೆ ಅಂತ ಖುಷಿಪಟ್ಟಿದ್ದಳು ಪೆದ್ದಿ.

ಈ ಗಾರ್ಮೆಂಟ್ಸ್ ಹಾಲ್ ತುಂಬ ಹೆಂಗಸರು, ಮೊಣಕೈಗೆ ಮೊಣಕೈ ತಾಗುತ್ತದೆ, ಹೇಳಿಕೊಳ್ಳೋಣ ಅಂದರೆ ಒಬ್ಬರೂ ಇಲ್ಲ. ಹೇಳಿದರೆ ಮಧ್ಯಾಹ್ನದೊಳಗೆ ಸೂಪರ್‌ವೈಸರ್ ಮೇಡಂ ಕಿವಿಗೆ, ಅಲ್ಲಿಗೆ ಅವಳಿಗೆ ಸಿಗಬೇಕಿದ್ದ, ಹೊಲಿದ ಅಂಗಿ ನೋಡುವ ತಪಾಸಣೆ ಮೇಜು ಹೋಯಿತು, ರಾತ್ರಿ ಪಾಳಿಯೇ ಇಲ್ಲದ ಮೇಜು — ಅಮ್ಮನ ಹಳೇ ಸ್ವೆಟರ್ ತಬ್ಬಿಕೊಂಡು ಮಲಗುವ ಮಗಳಿಗೆ ಮಾತು ಕೊಟ್ಟಾಗಿದೆ, ಮುಂದಿನ ವಾರದಿಂದ ಅಮ್ಮ ದಿನಾ ರಾತ್ರಿ ನಿನ್ ಪಕ್ಕದಲ್ಲೇ ಪುಟ್ಟಿ. ದಿನಾ? ದಿನಾ. ಸ್ವೆಟರ್ ವಾಪಸ್ ಕೊಡಬೇಕಾ? ಬೇಡ, ಇಟ್ಕೋ.

ಚಪ್ಪಲಿ ಸದ್ದು, ಮೇಡಂ ಬಂದೇ ಬಂದರು, ಹೆಗಲ ಮೇಲೆ ಕೈ, ಸೋಮವಾರದಿಂದ ಮೇಜು ನಿಂದೇ ಕಣೇ, ದೊಡ್ಡೋರ ಹತ್ರ ಜಗಳ ಆಡಿ ಕೊಡ್ಸಿದೀನಿ, ಹೋದ ಸಲದೋಳ ಥರ ಹೊಟ್ಟೆ ಮುಂದಿಟ್ಕೊಂಡು ಬಂದು ನನ್ನ ಮಾನ ಕಳೀಬೇಡ — ಸಾಲಿಗೆ ಸಾಲೇ ನಕ್ಕಿತು, ಅವಳೂ ನಕ್ಕಳು, ಇಲ್ಲ ಮೇಡಂ, ಅದೆಲ್ಲಾ ಮುಗೀತು, ನಗುತ್ತಲೇ ಮುಂದಿನ ಗುಂಡಿ ಎತ್ತಿದಳು, ಹೆಬ್ಬೆರಳಿಗೆ ನುಣ್ಣಗೆ ತಾಗಿತು, ತೂತು ಕೊರೆಯದೆ ಬಂದ ಗುಂಡಿ, ಬೆರಳಿಗೆ ಗೊತ್ತಾಯಿತು, ಕಾಲು ಆಗಲೇ ಒತ್ತಿಬಿಟ್ಟಿತ್ತು, ಟಕ್ — ಸೂಜಿ ಮುರಿಯಿತು. ಏನಾಯ್ತೇ? ಏನಿಲ್ಲ ಮೇಡಂ, ಗುಂಡಿ — ಅಂಗಿಯ ಮೇಲೆ ಅದು ಹಾಗೇ ಕೂತಿದೆ, ಬಿಳಿ, ದುಂಡಗೆ, ತೂತಿಲ್ಲದ್ದು, ಬಿಳಿ, ದುಂಡಗೆ, ತೂತಿಲ್ಲದ್ದು